ಬಳಸುವ ನೀರು, ಕುಡಿಯುವ ನೀರು

ಉಜ್ಜಿನಿಯ ಮರುಳಸಿದ್ಧೇಶ್ವರನ ಗುಡಿಯನ್ನು ಕಂಡವರಿಗೆ ನಮ್ಮ ಸೀಮೆಯ ಒಂದು ಮಾತು ನೆನಪಿರಬಹುದು. ಹಂಪಿಯನ್ನು ಹೊರಗೆ ನೋಡು, ಉಜ್ಜಿನಿಯನ್ನು ಒಳಗೆ ನೋಡು ಎಂದು ಹಿರಿಯರು ಹೇಳುತ್ತಿದ್ದರು. ಗುಡಿಯ ಒಳಗಿನ ಕೆತ್ತನೆಯನ್ನು ಕುರಿತ ಈ ಮಾತನ್ನು ಇಂದು ಆ ಊರಿನ ನೀರಿಗೆ ಅನ್ವಯಿಸಬೇಕೆಂದಿದ್ದೇನೆ. ಜಾತ್ರೆಯಲ್ಲಿ ಗುಡಿಯ ಶಿಖರಕ್ಕೆ ಎಣ್ಣೆ ಎರೆಯುವ ಊರು ಅದು. ಶಿಖರದ ಕಲ್ಲಿಗೆ ಎಣ್ಣೆ ಸಲ್ಲುವುದು ವರ್ಷಕ್ಕೊಮ್ಮೆ. ನೆಲದೊಳಗಿನ ಕಲ್ಲಾದರೋ ವರ್ಷದ ಎಲ್ಲ ದಿನವೂ ಕರಗಿ ಮನೆಮನೆಯ ಕೊಡದೊಳಕ್ಕೆ ಇಳಿಯುತ್ತಿರುತ್ತದೆ.

ಕುಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳು ೨೦೨೧ರಿಂದ ವಿಜಯನಗರ ಜಿಲ್ಲೆಗೆ ಸೇರಿವೆ. ಒಂದು ಅಂಚಿನಲ್ಲಿ ತುಂಗಭದ್ರೆ ಹರಿದರೂ ಈ ಸೀಮೆಯ ಮೇಲ್ನೆಲ ಬಹುವಾಗಿ ಅಂತರ್ಜಲವನ್ನೇ ನೆಚ್ಚಿ ಬಾಳಿದ್ದು. ಕಲ್ಲುಕಟ್ಟಿನ ಬಾವಿಗಳು ಬತ್ತಿ ಕೊಳವೆಬಾವಿಗಳು ಬಂದವು; ಅವೂ ಆಳ ಆಳಕ್ಕೆ ಇಳಿದವು. ಮಳೆಯ ನೀರು ಮಣ್ಣಿನೊಳಗೆ ಜಿನುಗುವಾಗ ಅಲ್ಲಿನ ಇಂಗಾಲಾಮ್ಲ ವಾಯುವನ್ನು ಹೀರಿಕೊಂಡು ತುಸು ಹುಳಿಯಾಗುತ್ತದೆ. ಆ ಹುಳಿ ಗ್ರಾನೈಟು ಶಿಲೆಯ ಬಿರುಕುಗಳಲ್ಲಿ ತಂಗಿ, ಸುಣ್ಣದ ಅಂಶವಾದ ಕ್ಯಾಲ್ಸಿಯಮ್ಮನ್ನೂ ಅದರ ಜೊತೆಗಾರನಾದ ಮೆಗ್ನೀಸಿಯಮ್ಮನ್ನೂ ಕರಗಿಸಿಕೊಳ್ಳುತ್ತದೆ. ಗಡಸು ನೀರೆಂದರೆ ಇಷ್ಟೇ. ಭಾರತೀಯ ಮಾನಕ ಸಂಸ್ಥೆಯ ೨೦೧೨ರ ನಿಯಮದಂತೆ ಕುಡಿಯುವ ನೀರಿನ ಗಡಸುತನ ಲೀಟರಿಗೆ ೨೦೦ ಮಿಲಿಗ್ರಾಮಿನೊಳಗಿದ್ದರೆ ಲೇಸು. ಬೇರೆ ನೀರಿನ ಆಸರೆ ಇಲ್ಲದ ಕಡೆ ೬೦೦ರವರೆಗೆ ನಡೆಯುತ್ತದೆ.

ಈ ಅಂಕಿಗಳು ಹುಟ್ಟುವ ಮೊದಲೇ ನಮ್ಮ ಹೆಣ್ಣುಮಕ್ಕಳು ನೀರನ್ನು ಅಳೆಯುತ್ತಿದ್ದರು. ಸಿಹಿನೀರು, ಸಪ್ಪೆನೀರು, ಸವುಳುನೀರು, ಗಡಸುನೀರು, ಬೇಳೆ ಬೇಯದ ನೀರು ಎಂದು ಎಷ್ಟು ಹೆಸರುಗಳು! ಕೊನೆಯದಂತೂ ಒಂದು ರಸಾಯನಶಾಸ್ತ್ರದ ಪಾಠ. ತೊಗರಿಬೇಳೆಯ ಕಣಗಳನ್ನು ಒಂದಕ್ಕೊಂದು ಅಂಟಿಸಿರುವ ಪೆಕ್ಟಿನ್ ಎಂಬ ಪದಾರ್ಥವನ್ನು ಕ್ಯಾಲ್ಸಿಯಂ ಇನ್ನಷ್ಟು ಬಿಗಿಮಾಡುತ್ತದೆ. ಎಷ್ಟು ಕುದಿಸಿದರೂ ಕಾಳು ಒಡೆಯುವುದಿಲ್ಲ. ಚಿಟಿಕೆ ಅಡುಗೆಸೋಡ ಬಿದ್ದೊಡನೆ ಆ ಬಿಗಿ ಸಡಿಲುತ್ತದೆ. ಅಂಟುವಾಳ, ಸೀಗೆಕಾಯಿಗಳ ನೊರೆ ಗಡಸು ನೀರಿನಲ್ಲಿಯೂ ಏಳುವುದು ಏಕೆ? ಸಾಬೂನು ಕ್ಯಾಲ್ಸಿಯಮ್ಮಿನೊಡನೆ ಸೇರಿ ಗಸಿಯಾಗುವಂತೆ ಅವುಗಳಲ್ಲಿರುವ ಸಪೋನಿನ್ ಆಗುವುದಿಲ್ಲ. ಬಚ್ಚಲ ಹಂಡೆಯ ಒಳಗೆ ಕಟ್ಟಿದ ಚಕ್ಕೆಯನ್ನು ಹುಣಿಸೆಹಣ್ಣು ಹಾಕಿ ಉಜ್ಜುತ್ತಿದ್ದುದೂ ಹೀಗೆಯೇ. ಹುಣಿಸೆಯ ಹುಳಿ ಸುಣ್ಣವನ್ನು ಕರಗಿಸುತ್ತದೆ. ಚಿಲ್ಲದ ಬೀಜವನ್ನು ತೇಯ್ದು ಬಗ್ಗಡದ ನೀರನ್ನು ತಿಳಿ ಮಾಡುತ್ತಿದ್ದರು, ಅದು ಗಡಸನ್ನು ಮಾತ್ರ ಕಳೆಯದು. ತಿಳಿಯಾದುದೆಲ್ಲ ಮೃದುವಲ್ಲವೆಂಬುದು ಅವರಿಗೆ ಗೊತ್ತಿತ್ತು.

ಇವೆಲ್ಲಕ್ಕಿಂತ ಬೆಲೆಯುಳ್ಳದ್ದು ಅವರ ಮಾತಿನಲ್ಲಿದ್ದ ಇನ್ನೊಂದು ಭೇದ: ಬಳಸುವ ನೀರು ಬೇರೆ, ಕುಡಿಯುವ ನೀರು ಬೇರೆ. ಬಳಸಲು ಒಂದು ಬಾವಿ, ಕುಡಿಯಲು ಊರಾಚೆಯ ಇನ್ನೊಂದು. ನಲ್ಲಿ ಬಂದ ಮೇಲೆ ಎಲ್ಲವೂ ಒಂದೇ ಕೊಳವೆಯಲ್ಲಿ ಹರಿಯತೊಡಗಿ ಈ ಭೇದ ಮಾತಿನಲ್ಲಿ ಉಳಿದು ಮನಸ್ಸಿನಿಂದ ಅಳಿಯಿತು. ಇಂದು ಯಂತ್ರ ಕೊಳ್ಳಲು ಹೋಗುವ ಗೃಹಸ್ಥ ಎಡವುವುದು ಇಲ್ಲಿಯೇ ಎಂದು ನನಗೆ ತೋರುತ್ತದೆ. ನೀರನ್ನು ಮೃದುಗೊಳಿಸುವ ಯಂತ್ರ ಬಳಸುವ ನೀರಿಗೆ ಸೇರಿದ್ದು. ಸೋಸುವ ಯಂತ್ರ ಕುಡಿಯುವ ನೀರಿಗೆ ಸೇರಿದ್ದು. ಒಂದರ ಕೆಲಸವನ್ನು ಇನ್ನೊಂದು ಮಾಡಲಾರದು, ಅಂಗಡಿಯ ಹಲಗೆಯಲ್ಲಿ ಏನೇ ಬರೆದಿರಲಿ.

ಮೃದುಗೊಳಿಸುವ ವಿದ್ಯೆ ಹಳೆಯದು. ಗಡಸುತನದಲ್ಲಿ ಒಂದು ಪಾಲು ಕುದಿಸಿದರೆ ಹೋಗುತ್ತದೆ. ಪಾತ್ರೆಯ ತಳದ ಬಿಳಿ ಚಕ್ಕೆ ಅದೇ. ಸ್ಕಾಟ್ಲೆಂಡಿನ ಅಬರ್ಡೀನಿನಲ್ಲಿ ಪ್ರಾಧ್ಯಾಪಕನಾಗಿದ್ದ ಥಾಮಸ್ ಕ್ಲಾರ್ಕ್ ೧೮೪೧ರಲ್ಲಿ ಇದನ್ನೇ ಬೆಂಕಿಯಿಲ್ಲದೆ ಸಾಧಿಸಿದ. ಸುಣ್ಣದ ನೀರಿಗೆ ಇನ್ನಷ್ಟು ಸುಣ್ಣವನ್ನು ಅಳೆದು ಹಾಕಿದರೆ ಎರಡೂ ಸುಣ್ಣಗಳು ಕೂಡಿ ತಳಕ್ಕೆ ಇಳಿಯುತ್ತವೆ! ಮುಳ್ಳನ್ನು ಮುಳ್ಳಿನಿಂದ ತೆಗೆದಂತೆ. ಕುದಿಸಿದರೂ ಹೋಗದ ಉಳಿದ ಪಾಲಿಗೆ ಮಡಿವಾಳರ ಸೋಡವೇ ಮದ್ದು.

ಇಂದು ಮನೆಗೆ ಬರುವ ಯಂತ್ರದ ಒಳಗೆ ಸಾಸಿವೆಗಾತ್ರದ ರಾಳದ ಮಣಿಗಳಿರುತ್ತವೆ. ಮಣಿಗಳು ತಮ್ಮಲ್ಲಿರುವ ಸೋಡಿಯಮ್ಮನ್ನು ನೀರಿಗೆ ಕೊಟ್ಟು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ತಾವು ಹಿಡಿದುಕೊಳ್ಳುತ್ತವೆ. ಇದು ಕೊಡುಕೊಳ್ಳುವಿಕೆಯೇ ಹೊರತು ಶುದ್ಧೀಕರಣವಲ್ಲ. ಒಂದು ಲವಣ ಹೋಗಿ ಇನ್ನೊಂದು ಬಂದಿತು, ಅಷ್ಟೆ. ಮಣಿಗಳ ಗಂಟು ಕರಗಿದಾಗ ಉಪ್ಪಿನ ನೀರು ಹಾಯಿಸಿ ಮತ್ತೆ ತುಂಬಿಸಬೇಕು. ಲೆಕ್ಕ ಹೀಗಿದೆ: ಗಡಸುತನ ೫೦೦ ಇರುವ ನೀರಾದರೆ ಒಂದು ಲೀಟರು ರಾಳ ಸುಮಾರು ೧೦೦ ಲೀಟರು ನೀರನ್ನು ಮೃದುಗೊಳಿಸಬಲ್ಲುದು. ೨೫ ಲೀಟರು ರಾಳದ ಯಂತ್ರವಿದ್ದು ದಿನಕ್ಕೆ ೫೦೦ ಲೀಟರು ಬಳಸುವ ಮನೆಯಾದರೆ ಐದು ದಿನಕ್ಕೊಮ್ಮೆ ಮೂರು ನಾಲ್ಕು ಕಿಲೋ ಉಪ್ಪು ಬೇಕು. ಯಂತ್ರದ ಬೆಲೆಯನ್ನು ಎಲ್ಲರೂ ವಿಚಾರಿಸುತ್ತಾರೆ, ಈ ಉಪ್ಪಿನ ಮೂಟೆಯನ್ನು ಯಾರೂ ವಿಚಾರಿಸುವುದಿಲ್ಲ.

ಬಟ್ಟೆಗೆ, ಸ್ನಾನಕ್ಕೆ, ನೀರು ಕಾಯಿಸುವ ಗೀಸರಿಗೆ ಈ ನೀರು ಬಹಳ ಒಳ್ಳೆಯದು. ಕುಡಿಯಲು ಯೋಚಿಸಬೇಕು. ಗಡಸುತನ ೧೦೦ ಮಿಲಿಗ್ರಾಂ ಇಳಿದಾಗ ನೀರಿಗೆ ೪೬ ಮಿಲಿಗ್ರಾಂ ಸೋಡಿಯಂ ಏರುತ್ತದೆ. ೬೦೦ ಇಳಿದರೆ ೨೭೬. ವೈದ್ಯರು ಉಪ್ಪು ಬಿಡಿಸಿರುವ ರಕ್ತದೊತ್ತಡದವರಿಗೆ ಇದು ಅಲ್ಪವಲ್ಲ. ಇತ್ತ ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂಗಳಾದರೋ ದೇಹಕ್ಕೆ ಬೇಕಾದುವೇ. ಗಡಸು ನೀರು ಕುಡಿದವರಿಗೆಲ್ಲ ಮೂತ್ರಕೋಶದಲ್ಲಿ ಕಲ್ಲು ಕಟ್ಟುತ್ತದೆಂಬ ಭಯ ಊರೂರಿನಲ್ಲಿದೆ, ಅದು ದೃಢಪಟ್ಟ ಮಾತಲ್ಲ. ಬಿಸಿಲ ಸೀಮೆಯಲ್ಲಿ ಸಾಕಷ್ಟು ನೀರು ಕುಡಿಯದಿರುವುದು ಅದಕ್ಕಿಂತ ಹೆಚ್ಚಿನ ಕಾರಣ.

ಹಾಗಾದರೆ ಭಯಪಡಬೇಕಾದುದು ಯಾವುದಕ್ಕೆ? ಕಣ್ಣಿಗೆ ಕಾಣದ, ನಾಲಗೆಗೆ ತಿಳಿಯದ ಫ್ಲೋರೈಡಿಗೆ. ಬಳ್ಳಾರಿ ಜಿಲ್ಲೆ ೧೯೫೩ರವರೆಗೆ ಮದರಾಸು ಪ್ರಾಂತ್ಯದಲ್ಲಿತ್ತಷ್ಟೆ. ಅದೇ ಪ್ರಾಂತ್ಯದ ನೆಲ್ಲೂರು ಸೀಮೆಯಲ್ಲಿ ಹಲ್ಲು ಕಂದಿ ಬೆನ್ನು ಸೆಟೆಯುವ ಈ ರೋಗ ೧೯೩೭ರಲ್ಲಿ ವೈದ್ಯರ ಬರವಣಿಗೆಗೆ ಬಂತು. ನಮ್ಮ ಒಣಸೀಮೆಯ ಕೊಳವೆಬಾವಿಗಳಲ್ಲಿಯೂ ಅದು ಅಲ್ಲಲ್ಲಿ ಇದೆ. ಲೀಟರಿಗೆ ಒಂದು ಮಿಲಿಗ್ರಾಂ ಲೇಸು, ಒಂದೂವರೆ ಮೀರಕೂಡದು. ವಿಚಿತ್ರವೆಂದರೆ ಫ್ಲೋರೈಡು ಹೆಚ್ಚಿರುವ ನೀರು ಅನೇಕ ವೇಳೆ ಮೃದುವಾಗಿ, ಬಾಯಿಗೆ ಹಿತವಾಗಿಯೇ ಇರುತ್ತದೆ. ಕ್ಯಾಲ್ಸಿಯಂ ಹೇರಳವಾಗಿದ್ದಲ್ಲಿ ಅದು ಫ್ಲೋರೈಡನ್ನು ತನ್ನೊಡನೆ ಹಿಡಿದು ತಳಕ್ಕಿಳಿಸುತ್ತದೆ. ಅದು ಕಡಮೆಯಾದಲ್ಲಿ ಫ್ಲೋರೈಡು ಸ್ವೇಚ್ಛೆಯಾಗಿ ಉಳಿಯುತ್ತದೆ. ಬೇಳೆ ಬೇಗ ಬೆಂದಿತೆಂದು ಹಿಗ್ಗಿದ ನೀರೇ ಮಕ್ಕಳ ಹಲ್ಲನ್ನು ತಿನ್ನುತ್ತಿರಬಹುದು. ಒಳಗೆ ನೋಡು ಎಂದು ನಾನು ಹೇಳಿದ್ದು ಇದಕ್ಕೇ. ಈ ಫ್ಲೋರೈಡನ್ನು ಮೃದುಗೊಳಿಸುವ ಯಂತ್ರ ತೆಗೆಯುವುದಿಲ್ಲ. ಕುದಿಸಿದರೂ ಹೋಗದು, ಮೇಣದಬತ್ತಿಯಂಥ ಸೋಸುಕದಿಂದಲೂ ಹೋಗದು. ನೇರಳಾತೀತ ದೀಪ ಕ್ರಿಮಿಗಳನ್ನು ಕೊಲ್ಲುತ್ತದೆ, ಲವಣಗಳ ತಂಟೆಗೆ ಹೋಗುವುದಿಲ್ಲ.

ಅದನ್ನು ಬಹುಮಟ್ಟಿಗೆ ತೆಗೆಯಬಲ್ಲುದು ಆರ್.ಓ. ಎಂಬ ಯಂತ್ರ. ತೆಳ್ಳನೆಯ ಪೊರೆಯ ಮೂಲಕ ನೀರನ್ನು ಒತ್ತಿ ಹಾಯಿಸುವ ಈ ವಿದ್ಯೆಯನ್ನು ೧೯೬೦ರ ಆಸುಪಾಸಿನಲ್ಲಿ ಕ್ಯಾಲಿಫೋರ್ನಿಯದಲ್ಲಿ ಬಳಕೆಗೆ ತಂದ ಇಬ್ಬರಲ್ಲಿ ಒಬ್ಬರು ಭಾರತದಲ್ಲಿ ಹುಟ್ಟಿದ ಶ್ರೀನಿವಾಸ ಸೌರಿರಾಜನ್, ಇನ್ನೊಬ್ಬರು ಸಿಡ್ನಿ ಲೋಬ್. ನಮ್ಮ ಹಳ್ಳಿಗಳಲ್ಲಿ ನಾಣ್ಯ ಹಾಕಿ ಕ್ಯಾನು ತುಂಬಿಸಿಕೊಳ್ಳುವ ಶುದ್ಧ ನೀರಿನ ಘಟಕಗಳ ಒಳಗಿರುವುದೂ ಇದೇ. ಗುಣವುಂಟು, ದೋಷವೂ ಉಂಟು. ಮನೆಯ ಯಂತ್ರ ಒಂದು ಕೊಡ ನೀರು ಕೊಡುವುದಕ್ಕೆ ಎರಡು ಮೂರು ಕೊಡವನ್ನು ಹೊರಗೆ ಚೆಲ್ಲುವುದು ಸಾಮಾನ್ಯ. ಬೇಸಗೆಯಲ್ಲಿ ಟ್ಯಾಂಕರಿಗೆ ಕಾಯುವ ಊರಿನಲ್ಲಿ ಇದು ನೋಡಲಾರದ ದೃಶ್ಯ.

ಮಾರುವವರ ಒಂದು ಆಟವನ್ನೂ ಹೇಳಿಬಿಡುತ್ತೇನೆ. ಎರಡು ಲೋಟ ನೀರು, ಅವುಗಳಲ್ಲಿ ವಿದ್ಯುತ್ತಿನ ಕಡ್ಡಿಗಳು. ನಿಮ್ಮ ಮನೆಯ ನೀರು ಕ್ಷಣದಲ್ಲಿ ಕಂದು ಕೆಸರಾಗುತ್ತದೆ, ಅವರ ಯಂತ್ರದ ನೀರು ತಿಳಿಯಾಗಿಯೇ ನಿಲ್ಲುತ್ತದೆ. ಗೃಹಿಣಿ ಹೌಹಾರುತ್ತಾಳೆ. ಆ ಕೆಸರು ನೀರಿನದಲ್ಲ, ಕಡ್ಡಿಯದು! ಲವಣವಿರುವ ನೀರಿನಲ್ಲಿ ವಿದ್ಯುತ್ತು ಹರಿದು ಕಬ್ಬಿಣದ ಕಡ್ಡಿ ಸವೆದು ತುಕ್ಕಾಗುತ್ತದೆ; ಲವಣವಿಲ್ಲದ ನೀರಿನಲ್ಲಿ ವಿದ್ಯುತ್ತೇ ಹರಿಯದು. ಒಂದು ಚಿಟಿಕೆ ಅಡುಗೆ ಉಪ್ಪನ್ನು ಅವರ ಲೋಟಕ್ಕೂ ಹಾಕಿ ನೋಡಿರೆಂದರೆ ಆಟ ಮುಗಿಯುತ್ತದೆ. ಕೊಳವೆಗೆ ಅಯಸ್ಕಾಂತ ಕಟ್ಟಿದರೆ ಗಡಸು ಹೋಗುತ್ತದೆನ್ನುವವರೂ ಇದ್ದಾರೆ. ಕ್ಯಾಲ್ಸಿಯಂ ನೀರಿನಲ್ಲಿಯೇ ಇರುತ್ತದೆ. ಸೀಸೆಯಲ್ಲಿ ನೀರು ತುಂಬಿ, ನಿಜವಾದ ಸಾಬೂನಿನ ನಾಲ್ಕು ಹನಿ ಹಾಕಿ ಅಲುಗಿಸಿದರೆ ಮೃದುವೋ ಗಡಸೋ ತಿಳಿಯುತ್ತದೆ. ಬಟ್ಟೆಯ ಪುಡಿ ಹಾಕಬೇಡಿ, ಅದು ಎಲ್ಲ ನೀರಿನಲ್ಲಿಯೂ ನೊರೆಯಾಗುವಂತೆ ಮಾಡಿದ್ದು.

ಇನ್ನು ಮಾಳಿಗೆಯ ಮೇಲೆ ಬೀಳುವ ನೀರು. ಅದಕ್ಕೆ ಗಡಸೂ ಇಲ್ಲ, ಫ್ಲೋರೈಡೂ ಇಲ್ಲವೆನ್ನುವಷ್ಟು ಕಡಮೆ. ನೂರು ಚದರ ಮೀಟರಿನ ತಾರಸಿಗೆ ೫೦೦ ಮಿಲಿಮೀಟರು ಮಳೆ ಬಿದ್ದರೆ, ಪೋಲಾದುದನ್ನು ಕಳೆದು ೪೦ ಸಾವಿರ ಲೀಟರು ದೊರೆಯುತ್ತದೆ. ಐವರ ಮನೆಯ ಕುಡಿಯುವ, ಅಡುಗೆಯ ನೀರು ದಿನಕ್ಕೆ ೨೫ ಲೀಟರಾದರೆ ವರ್ಷಕ್ಕೆ ಬೇಕಾದುದು ಒಂಬತ್ತು ಸಾವಿರಕ್ಕೆ ತುಸು ಮಿಕ್ಕು. ಮೊದಲ ಮಳೆಯನ್ನು ಹೊರಗೆ ಬಿಟ್ಟು, ಮರಳಿನಲ್ಲಿ ಸೋಸಿ, ಬೆಳಕು ಬೀಳದ ತೊಟ್ಟಿಯಲ್ಲಿ ಕೂಡಿಟ್ಟು, ಕುಡಿಯುವಾಗ ಕುದಿಸಿಕೊಂಡರಾಯಿತು. ತೊಟ್ಟಿಗೆ ಹಣ ಬೇಕು, ಸ್ಥಳ ಬೇಕು, ನಿಜ. ಆದರೆ ನಮ್ಮ ಸೀಮೆಗೆ ಯಂತ್ರಗಳಿಗಿಂತ ಇದು ಒಪ್ಪುತ್ತದೆಂದೇ ನನ್ನ ಅಭಿಪ್ರಾಯ.

ಯಂತ್ರವನ್ನೇ ಕೊಳ್ಳುವವರು ಮೊದಲು ಒಂದು ಲೀಟರಿನ ಶುಭ್ರವಾದ ಪ್ಲಾಸ್ಟಿಕ್ ಸೀಸೆಯಲ್ಲಿ ತಮ್ಮ ಬಾವಿಯ ನೀರನ್ನು ಪ್ರಯೋಗಶಾಲೆಗೆ ಒಯ್ದು ಗಡಸುತನ, ಫ್ಲೋರೈಡು, ನೈಟ್ರೇಟು ಎಂಬ ಮೂರನ್ನು ಬರೆಸಿಕೊಂಡು ಬರಲಿ. ಗಡಸೊಂದೇ ಇದ್ದರೆ ಬಚ್ಚಲಿನ ಕೊಳವೆಗೆ ಮೃದುಗೊಳಿಸುವ ಯಂತ್ರ ಸಾಕು, ಅಡುಗೆಮನೆಯ ನಲ್ಲಿಯನ್ನು ಅದರಿಂದ ಬೇರೆಯಾಗಿಡಬೇಕು. ಉಳಿದೆರಡರಲ್ಲಿ ಒಂದು ಮಿತಿ ಮೀರಿದ್ದರೂ ಕುಡಿಯುವ ನೀರಿನಷ್ಟಕ್ಕೆ ಆರ್.ಓ. ಇರಲಿ. ಅದು ಚೆಲ್ಲುವ ನೀರನ್ನು ಬಕೇಟಿನಲ್ಲಿ ಹಿಡಿದು ಅಂಗಳ ತೊಳೆಯಲು, ಪಾಯಿಖಾನೆಗೆ ಬಳಸಬಹುದು. ಮಣಿಗಳನ್ನು ತೊಳೆದ ಉಪ್ಪುನೀರನ್ನು ಮಾತ್ರ ಹಿತ್ತಲ ತೆಂಗಿನ ಬುಡಕ್ಕೂ ಬಾವಿಯ ಬಳಿಗೂ ಬಿಡಬಾರದು.