ಕಮಿಷನ್ನಿನ ಲೆಕ್ಕ



ಶಿಕಾರಿಪುರದಲ್ಲೋ ಸೊರಬದಲ್ಲೋ ನಿಮ್ಮ ಮನೆಯವರದೊಂದು ಅಂಗಡಿ ಇದ್ದರೆ, ಪಿಗ್ಮಿ ಹಣ ಸಂಗ್ರಹಿಸುವವರನ್ನು ನೀವು ನೋಡಿಯೇ ಇರುತ್ತೀರಿ. ಚೀಲ ಹಿಡಿದು ಬರುತ್ತಾರೆ, ಐವತ್ತೋ ನೂರೋ ಪಡೆದು ದಾಖಲಿಸಿಕೊಂಡು ಪಕ್ಕದ ಅಂಗಡಿಗೆ ಹೋಗುತ್ತಾರೆ. ಇವರ ಗಳಿಕೆ ಬಹುಮಟ್ಟಿಗೆ ಸಂಬಳವಲ್ಲ. ತಂದ ಹಣದ ಮೇಲೆ ನೂರಕ್ಕೆ ಇಷ್ಟು ಎಂಬ ಕಮಿಷನ್.

ಈಗ ನಿಮ್ಮ ಮೊಬೈಲಿಗೂ ಅಂಥದೇ ಆಹ್ವಾನ ಬರುತ್ತದೆ. ‘ನಮ್ಮ ಲಿಂಕನ್ನು ಹಂಚಿರಿ, ಅದರ ಮೂಲಕ ಯಾರಾದರೂ ಕೊಂಡರೆ ನಿಮಗೆ ಪಾಲು.’ ಇದಕ್ಕೆ ಅಫಿಲಿಯೇಟ್ ಮಾರ್ಕೆಟಿಂಗ್ ಎಂದು ಹೆಸರು. ಹೆಸರು ಹೊಸದು. ಗಿರಾಕಿಯನ್ನು ಕರೆತಂದವರಿಗೆ ಪಾಲು ಕೊಡುವ ಪದ್ಧತಿ ಮಾತ್ರ ನಮ್ಮ ನಾಡಿಗೆ ಹಳೆಯದು. ಆದ್ದರಿಂದ ಮೊದಲು ಹಳೆಯದನ್ನೇ ನೋಡೋಣ.

1925ರಲ್ಲಿ ಉಡುಪಿಯಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ ಮತ್ತು ಡಾ. ಟಿ. ಎಂ. ಎ. ಪೈ ಅವರು ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಎಂಬ ಸಂಸ್ಥೆಯನ್ನು ಆರಂಭಿಸಿದರು. ಮುಂದೆ ಸಿಂಡಿಕೇಟ್ ಬ್ಯಾಂಕ್ ಆಗಿ, 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನಗೊಂಡದ್ದು ಇದೇ. 1928ರಲ್ಲಿ ಅದು ಪಿಗ್ಮಿ ಯೋಜನೆಯನ್ನು ತಂದಿತು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು, ಬ್ಯಾಂಕಿನ ಪ್ರತಿನಿಧಿ ಮನೆ ಬಾಗಿಲಿಗೇ ಬಂದು ಒಯ್ಯುತ್ತಿದ್ದ. ಎರಡಾಣೆಗಾಗಿ ಸಂಬಳದ ಗುಮಾಸ್ತನನ್ನು ಬೀದಿ ಬೀದಿಗೆ ಕಳುಹಿಸಿದರೆ ಬ್ಯಾಂಕಿಗೆ ಹೇಗೆ ಗಿಟ್ಟೀತು? ಹಣ ಬಂದರೆ ಮಾತ್ರ ಖರ್ಚು ಎಂಬುದೇ ಕಮಿಷನ್ನಿನ ಜಾಣತನ. ಅದೇ ಜಾಣತನವನ್ನು ಆಚೆ ಬದಿಯಿಂದ ನೋಡಿ. ಮಲೆನಾಡಿನ ಮಳೆಗೆ ಪೇಟೆ ಮುಚ್ಚಿದರೆ, ಸಂಗ್ರಹಿಸುವವನಿಗೆ ಜ್ವರ ಬಂದರೆ, ಆ ದಿನದ ನಷ್ಟ ಬ್ಯಾಂಕಿನದಲ್ಲ, ಅವನದು.

ಈ ಪ್ರಶ್ನೆ ನ್ಯಾಯಾಲಯದವರೆಗೂ ಹೋಯಿತು. ಹೈದರಾಬಾದಿನ ಕೈಗಾರಿಕಾ ನ್ಯಾಯಮಂಡಳಿ 1988ರಲ್ಲಿ ತೀರ್ಪಿತ್ತು, ತಿಂಗಳಿಗೆ ಕನಿಷ್ಠ 7,500 ರೂಪಾಯಿ ಸಂಗ್ರಹಿಸಿದವರಿಗೆ 750 ರೂಪಾಯಿ ಖಚಿತವಾಗಿ ಸಿಗಬೇಕು, ಅದಕ್ಕೆ ಮೇಲ್ಪಟ್ಟ ಸಂಗ್ರಹಕ್ಕೆ ನೂರಕ್ಕೆ 2ರಂತೆ ಕೊಡಬೇಕು ಎಂದಿತು. ಲೆಕ್ಕ ಹಾಕಿ ನೋಡಿ. 20,000 ರೂಪಾಯಿ ತಂದವನಿಗೆ 750, ಉಳಿದ 12,500ಕ್ಕೆ 250, ಒಟ್ಟು 1,000 ರೂಪಾಯಿ. ದೊಡ್ಡ ಮೊತ್ತವೇನಲ್ಲ. ಆದರೆ ಕಾಲ ಕೆಳಗೆ ಒಂದು ನೆಲ ಸಿಕ್ಕಿತು. ಬ್ಯಾಂಕುಗಳು ಒಪ್ಪದೆ ಮೇಲ್ಮನವಿ ಹೋದವು. 2001ರಲ್ಲಿ ಸುಪ್ರೀಂ ಕೋರ್ಟು, ಇವರು ಕಾರ್ಮಿಕರೇ, ಕಮಿಷನ್ ಎಂದು ಕರೆದರೂ ಅದು ದುಡಿಮೆಯನ್ನು ಅವಲಂಬಿಸಿದ ಕೂಲಿಯೇ ಎಂದು ಹೇಳಿತು. ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಈ ಒಂದು ಮಾತಿನಲ್ಲಿದೆ.

ಈಗ ಲಿಂಕಿನ ಕಥೆಗೆ ಬರೋಣ. ಅಮೆಜಾನ್ ಕಂಪನಿ 1996ರಲ್ಲಿ ಅಮೆರಿಕದಲ್ಲಿ ಇಂಥ ಯೋಜನೆ ಆರಂಭಿಸಿತು. ಪಾಲುದಾರರ ಗುರುತಿನ ಸಂಖ್ಯೆ ಲಿಂಕಿನಲ್ಲೇ ಅಡಗಿರುತ್ತದೆ. ಯಾರಾದರೂ ಅದನ್ನು ಒತ್ತಿದಾಗ ಅವರ ಯಂತ್ರದಲ್ಲಿ ‘ಕುಕಿ’ ಎಂಬ ಸಣ್ಣ ಗುರುತು ಉಳಿಯುತ್ತದೆ. ಕೊಂಡದ್ದು ನಿಮ್ಮಿಂದಲೇ ಎಂದು ಕಂಪನಿಗೆ ತಿಳಿಯುವುದು ಈ ಗುರುತಿನಿಂದ. ಅದಕ್ಕೆ ಆಯುಷ್ಯವೂ ಉಂಟು. ಅಮೆಜಾನಿನಲ್ಲಿ ಸಾಮಾನ್ಯವಾಗಿ 24 ಗಂಟೆ.

ಸೊರಬದ ಒಬ್ಬ ವಿದ್ಯಾರ್ಥಿನಿ ಅಡಿಕೆ ಮರಕ್ಕೆ ಔಷಧಿ ಹೊಡೆಯುವ ಕಾರ್ಬನ್ ಫೈಬರ್ ದೋಟಿಯ ಬಗ್ಗೆ ವಿಡಿಯೋ ಮಾಡಿದಳೆಂದು ಇಟ್ಟುಕೊಳ್ಳೋಣ. ಬೆಲೆ 20,000, ಕಮಿಷನ್ ನೂರಕ್ಕೆ 3 ಎಂದುಕೊಂಡರೆ ಒಂದು ಮಾರಾಟಕ್ಕೆ 600 ರೂಪಾಯಿ. ಅವಳ ಚಿಕ್ಕಪ್ಪ ವಿಡಿಯೋ ನೋಡಿದರು, ಲಿಂಕ್ ಒತ್ತಿದರು, ‘ಕೊನೆಕೊಯ್ಲು ಮುಗಿಯಲಿ’ ಎಂದು ಬಿಟ್ಟರು. ತಿಂಗಳ ಮೇಲೆ ಮಗನ ಫೋನಿನಿಂದ ತರಿಸಿದರು. ಅವಳಿಗೆ ಏನೂ ಇಲ್ಲ. ಅಥವಾ ಅಂದೇ ಸಂಜೆ ಬೇರೊಬ್ಬನ ರಿಯಾಯಿತಿ ಲಿಂಕ್ ಒತ್ತಿ ಕೊಂಡರು. ಅನೇಕ ಯೋಜನೆಗಳಲ್ಲಿ ಕೊನೆಯ ಲಿಂಕಿಗೇ ಪೂರ್ತಿ ಪಾಲು. ತಿಳಿಸಿ ಹೇಳಿದವಳಿಗೆ ಸೊನ್ನೆ. ಇನ್ನು ಕೊಂಡ ದೋಟಿ ಸರಿಯಿಲ್ಲವೆಂದು ಮರಳಿಸಿದರೆ, ಲೆಕ್ಕಕ್ಕೆ ಬಂದಿದ್ದ 600 ಕೂಡ ಹೋಗುತ್ತದೆ. ವಿಜ್ಞಾನ ಓದಿದವನಾದ ನನಗೆ ಇಲ್ಲಿ ಅಳತೆಯ ಸಾಧನದ ಬಗ್ಗೆಯೇ ಅನುಮಾನ. ಅದು ಅಳೆಯುವುದು ಅವಳ ಶ್ರಮವನ್ನಲ್ಲ, ಯಾವ ಯಂತ್ರದಿಂದ ಯಾವ ಹೊತ್ತಿಗೆ ಬೆರಳು ಒತ್ತಿತು ಎಂಬುದನ್ನು.

ದರವೂ ಶಾಶ್ವತವಲ್ಲ. 2020ರ ಏಪ್ರಿಲ್‌ನಲ್ಲಿ ಅಮೆಜಾನ್ ಅಮೆರಿಕದಲ್ಲಿ ಪೀಠೋಪಕರಣ, ಕೈತೋಟದ ಸಾಮಗ್ರಿ ಮೊದಲಾದವುಗಳ ಕಮಿಷನ್ನನ್ನು ನೂರಕ್ಕೆ 8ರಿಂದ 3ಕ್ಕೆ ಇಳಿಸಿತು. ಪಾಲುದಾರರು ಎಂಬುದು ಗೌರವದ ಶಬ್ದ ನಿಜ, ಆದರೆ ದರ ಗೊತ್ತುಮಾಡುವಾಗ ಪಾಲುದಾರರನ್ನು ಕೇಳುವವರಿಲ್ಲ. ಪಿಗ್ಮಿಯವರಿಗೆ ಸಿಕ್ಕ 750ರ ನೆಲದಂಥದ್ದು ಇಲ್ಲಿ ಇಲ್ಲ. ಆದ್ದರಿಂದ ಓದಿನ ಬಿಡುವಿನಲ್ಲಿ ಮಾಡುವುದಕ್ಕೆ ನನ್ನ ತಕರಾರಿಲ್ಲ. ಇದನ್ನೇ ನಂಬಿ ಕಾಲೇಜು ಬಿಡುತ್ತೇನೆಂದರೆ ತಕರಾರಿದೆ.

ವಸ್ತು ಮಾರಿದ್ದಕ್ಕಲ್ಲದೆ ಜನರನ್ನು ಸೇರಿಸಿದ್ದಕ್ಕೆ ಹಣ ಕೊಡುತ್ತೇವೆ ಎನ್ನುವವರು ಬಂದರೆ ಮಾತು ಬೇರೆ. ಮೊದಲು ನೀವು ಹಣ ಕಟ್ಟಿ, ಆಮೇಲೆ ಮೂವರನ್ನು ಸೇರಿಸಿ, ಅವರು ಮತ್ತೆ ಮೂವರನ್ನು ತರಲಿ ಎಂಬ ಆಟವಿದು. ಹತ್ತನೆಯ ಸುತ್ತಿಗೇ 59,049 ಹೊಸಬರು ಬೇಕು! ಹಣದ ಚಲಾವಣೆಯ ಇಂಥ ಯೋಜನೆಗಳನ್ನು 1978ರ ಕಾಯಿದೆ ನಿಷೇಧಿಸಿದೆ. 2021ರ ನೇರ ಮಾರಾಟ ನಿಯಮಗಳೂ ಪಿರಮಿಡ್ ಯೋಜನೆಗಳನ್ನು ನಿಷೇಧಿಸಿವೆ.

ಇನ್ನೊಂದು ವಿಷಯ. ಪಿಗ್ಮಿಯವರಿಗೆ ಕಮಿಷನ್ ಸಿಗುತ್ತದೆಂದು ಪೇಟೆಗೆಲ್ಲ ಗೊತ್ತು. ನಿಮ್ಮ ಲಿಂಕಿನ ವಿಷಯ ನಿಮ್ಮ ಚಿಕ್ಕಪ್ಪನಿಗೆ ಗೊತ್ತಿದೆಯೇ? ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2023ರ ಜನವರಿಯಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ಶಿಫಾರಸು ಮಾಡುವವರು ತಮಗೆ ಲಾಭವಿದ್ದರೆ ಅದನ್ನು ಸ್ಪಷ್ಟವಾಗಿ ತಿಳಿಸಬೇಕು. ವಿಡಿಯೋ ಆದರೆ ಕೆಳಗಿನ ವಿವರಣೆಯಲ್ಲಿ ಬರೆದು ಕೈತೊಳೆದುಕೊಂಡರೆ ಸಾಲದು. ಮಾತಿನಲ್ಲೂ ಇರಬೇಕು, ತೆರೆಯ ಮೇಲೂ ಇರಬೇಕು. ನಾಳೆ ದೋಟಿಯ ಕೀಲು ಸಡಿಲವಾದರೆ ಚಿಕ್ಕಪ್ಪ ಕಂಪನಿಯನ್ನು ಹುಡುಕಿಕೊಂಡು ಹೋಗುವುದಿಲ್ಲ. ದೋಟಿ ಹೊತ್ತುಕೊಂಡು ನಿಮ್ಮ ಅಂಗಳಕ್ಕೇ ಬರುತ್ತಾರೆ.