ಹಿಮದ ನಾಡಿನಲ್ಲೊಂದು ಮನೆ
(ರಾಜ್ಯೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಊರು ಬಿಟ್ಟು ಬಂದವರಾದ ನಮಗೆ ಪರಸ್ಥಳದಲ್ಲಿ ಮನೆ ಹೂಡುವ ಕಷ್ಟ ತಿಳಿಯದುದೇನಲ್ಲ. ಒಂದು ಮೊಳೆ ಬೇಕಾದರೂ ಹಡಗಿನ ದಾರಿ ಕಾಯಬೇಕಾದ ಅಂಟಾರ್ಕ್ಟಿಕದಲ್ಲಿ ಮನೆ ಕಟ್ಟುವುದು ಹೇಗೆಂಬುದನ್ನು ತಮ್ಮ ಮುಂದೆ ಅರಿಕೆ ಮಾಡಬೇಕೆಂದಿದ್ದೇನೆ. ಕಡಲು ಸುತ್ತುವರಿದ ಆ ನೆಲ ಬಹಳ ಒಂಟಿಯಾದುದು.

ನಮ್ಮ ದೇಶದ ಮೊದಲ ಸಂಶೋಧನಾ ನೆಲೆಯಾದ ದಕ್ಷಿಣ ಗಂಗೋತ್ರಿಯನ್ನು 1983–84ರಲ್ಲಿ ತೇಲುವ ಹಿಮದ ಹಾಸಿನ ಮೇಲೆ ಕಟ್ಟಿದರು. ಗಾಳಿ ಹೊತ್ತು ತಂದ ಹಿಮ ಗೋಡೆಗೆ ತಡೆದು ನಿಂತು, ವರ್ಷ ವರ್ಷಕ್ಕೂ ಏರಿ, ಹತ್ತು ವರ್ಷ ತುಂಬುವ ಮೊದಲೇ ಮನೆಯನ್ನು ಹೂತುಬಿಟ್ಟಿತು. ಆದುದರಿಂದ ಮುಂದಿನ ನೆಲೆಯಾದ ಮೈತ್ರಿಯನ್ನು ಬಂಡೆಯ ಮೇಲೆ ಕಂಬಗಳನ್ನು ನೆಟ್ಟು ಎತ್ತಿ ಕಟ್ಟಿದರು.

2012ರಲ್ಲಿ ಲಾರ್ಸ್‌ಮನ್ ಬೆಟ್ಟಗಳಲ್ಲಿ ಆರಂಭವಾದ ಭಾರತಿಯೂ ಹಾಗೆಯೇ ನೆಲದಿಂದ ಮೇಲೆದ್ದು ನಿಂತಿದೆ. ಗಾಳಿ ಅಡಿಯಲ್ಲಿ ನುಸುಳಿ ಹಿಮವನ್ನು ಗುಡಿಸಿಕೊಂಡು ಹೋಗುತ್ತದೆ. ಅದರ ಒಡಲು 134 ಹಡಗಿನ ಪೆಟ್ಟಿಗೆಗಳು. ಸಾಮಾನು ತಂದ ಟ್ರಂಕೇ ಕೂರುವ ಮಣೆಯೂ ಆದ ನಮ್ಮ ಮೊದಲ ಕೋಣೆಯನ್ನು ನೆನೆದರೆ ಇದರ ಜಾಣತನ ತಿಳಿದೀತು. ಪೆಟ್ಟಿಗೆಗಳ ಸುತ್ತ ಶಾಖ ಸೋರದ ದಪ್ಪ ಹೊದಿಕೆಯಿದೆ. ವಿದ್ಯುತ್ತನ್ನು ತೆಗೆಯುವ ಯಂತ್ರದ ಬಿಸಿಯನ್ನು ಹಾಳುಮಾಡದೆ ಅದರಿಂದಲೇ ಕೋಣೆಗಳನ್ನು ಬೆಚ್ಚಗಿಡುತ್ತಾರೆ. ಸಮುದ್ರದ ನೀರಿನಿಂದ ಉಪ್ಪು ತೆಗೆದು ಕುಡಿಯುತ್ತಾರೆ.

ಇಷ್ಟಾದರೂ ಆ ಯಂತ್ರಕ್ಕೆ ಎಣ್ಣೆ ಬೇಕು. ಎಣ್ಣೆ ಹಡಗಿನಲ್ಲೇ ಬರಬೇಕು. ಚೆಲ್ಲಿದರೆ ಆ ಶುಭ್ರ ನೆಲ ಕೆಡುತ್ತದೆ. ಬೆಲ್ಜಿಯಂ ದೇಶದವರು 2009ರಲ್ಲಿ ತೆರೆದ ಪ್ರಿನ್ಸೆಸ್ ಎಲಿಜಬೆತ್ ನೆಲೆ ಗಾಳಿ ಬಿಸಿಲುಗಳ ಶಕ್ತಿಯಿಂದ ನಡೆಯುವಂತೆ ರೂಪಿಸಿದ್ದು. ಆದರೆ ಅದನ್ನು ಬೇಸಿಗೆಯ ವಾಸಕ್ಕೆಂದು ಕಟ್ಟಿದರು. ಭಾರತಿಯಲ್ಲಾದರೋ ವರ್ಷವಿಡೀ ಜನರಿರುತ್ತಾರೆ, ನಡುಚಳಿಗಾಲದಲ್ಲಿ ವಾರಗಟ್ಟಲೆ ಸೂರ್ಯನೇ ಮೂಡುವುದಿಲ್ಲ. ಉಳಿದಿರುವ ಗಂಟು ಇದೇ.

1991ರ ಮ್ಯಾಡ್ರಿಡ್ ಒಡಂಬಡಿಕೆ ಅಲ್ಲಿನ ಪರಿಸರವನ್ನು ಕಾಯುವ ಹೊಣೆಯನ್ನು ಸಹಿ ಹಾಕಿದ ರಾಷ್ಟ್ರಗಳಿಗೆ ಹೊರಿಸಿದೆ. ಪ್ಲಾಸ್ಟಿಕ್, ಬ್ಯಾಟರಿ, ಎಣ್ಣೆಯ ಪೀಪಾಯಿಗಳಂಥ ಕಸವನ್ನು ಹೊರಕ್ಕೆ ಸಾಗಿಸಲೇಬೇಕು. ಬಾಡಿಗೆ ಮನೆ ಬಿಡುವಾಗ ಗೋಡೆಯ ಮೊಳೆಯನ್ನೂ ಕಿತ್ತು, ಗುಡಿಸಿ, ಬೀಗದ ಕೈ ಒಪ್ಪಿಸುವ ಗೃಹಿಣಿಗೆ ಈ ಕಟ್ಟಳೆ ಹೊಸತಲ್ಲ. ಮನೆ ಎಷ್ಟು ದಿನ ನಿಂತಿತೆಂಬುದರ ಜೊತೆಗೆ, ಅದು ಹೋದ ಮೇಲೆ ನೆಲ ಹೇಗಿತ್ತೆಂಬುದನ್ನೂ ನೋಡತಕ್ಕದ್ದು.