ಗದ್ದೆಯಂಚಿನ ಹಕ್ಕಿಪಾಠ

ಪಕ್ಷಿವೀಕ್ಷಣೆ ಎಂದರೆ ಹಕ್ಕಿಯನ್ನು ಅದರ ನೆಲೆಯಲ್ಲಿಯೇ, ಅದಕ್ಕೆ ತೊಂದರೆಯಾಗದಂತೆ ಗಮನಿಸಿ ಗುರುತಿಸುವ ಅಭ್ಯಾಸ. ಅದಕ್ಕೆ ದೂರದ ಅಭಯಾರಣ್ಯವೇ ಬೇಕೆಂದಿಲ್ಲ ಎಂಬುದಕ್ಕೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಸಿಂಧನೂರಿನ ಭತ್ತದ ಗದ್ದೆಗಳೇ ಸಾಕ್ಷಿ. ನಾಟಿಗೆ ಮುನ್ನ ಟ್ರ್ಯಾಕ್ಟರ್ ಕೆಸರು ಕಲಸುತ್ತ ಸಾಗಿದಂತೆ ಬೆಳ್ಳಕ್ಕಿಗಳು ಅದರ ಬೆನ್ನಿಗೇ ಇಳಿದು, ಮೇಲೆದ್ದ ಹುಳುಗಳನ್ನು ಹೆಕ್ಕುತ್ತವೆ; ಬದುವಿನ ಮೇಲೆ ಮಣ್ಣಿನ ಬಣ್ಣದಲ್ಲಿ ಅಡಗಿ ಕುಳಿತ ಕೊಳದ ಬಕದ ಬಿಳಿ ರೆಕ್ಕೆಗಳು ಅದು ಹಾರಿದಾಗ ಮಾತ್ರ ಹೊಳೆಯುತ್ತವೆ. ಅದನ್ನು ಹಾರುವ ಮೊದಲೇ ಕಾಣುವ ಕಣ್ಣು, ಲಿಂಗಸುಗೂರಿನ ಕಲ್ಲುಗುಡ್ಡಗಳ ಕುರುಚಲಿನಲ್ಲಿ ಗೌಜಗನ ಕೂಗಿನಿಂದಲೇ ದಿಕ್ಕನ್ನರಿಯುವ ಕಿವಿ ಆ ನೆಲದ ರೈತ, ಕುರಿಗಾಹಿಗಳಿಗೆ ಇರುವುದರಿಂದ, ಪುಸ್ತಕದಷ್ಟೇ ಸ್ಥಳೀಯ ಮಾರ್ಗದರ್ಶಕನೂ ಅಗತ್ಯ.

ಹಕ್ಕಿಗೆ ತೊಂದರೆಯಾಗಬಾರದೆಂಬ ಈ ಕಾಳಜಿಗೆ ಹಳೆಯ ಬೇರೂ ಇದೆ. 1915ರಲ್ಲಿ ಬೆಳಕಿಗೆ ಬಂದ, ಇದೇ ಸೀಮೆಯ ಮಸ್ಕಿಯ ಶಾಸನವು ‘ದೇವಾನಾಂಪ್ರಿಯ’, ಅಂದರೆ ದೇವತೆಗಳಿಗೆ ಪ್ರಿಯನಾದವನು, ಎಂಬ ಬಿರುದಿನ ಅರಸನು ಅಶೋಕನೇ ಎಂದು ಖಚಿತಪಡಿಸಿತು. ಅದೇ ಅರಸನು ಪಟ್ಟಾಭಿಷೇಕದ 26 ವರ್ಷಗಳ ಬಳಿಕ ಹೊರಡಿಸಿದ ಐದನೆಯ ಸ್ತಂಭಶಾಸನವು ಗಿಳಿ, ಗೊರವಂಕ, ಚಕ್ರವಾಕ, ಹಂಸಗಳನ್ನು ಕೊಲ್ಲಬಾರದೆಂದು ವಿಧಿಸಿತು. ಕಲ್ಲಿನ ಮೇಲೆ ಬರೆದ ಆ ಕರುಣೆಯು ಇಂದಿಗೂ ಉಳಿಯುವುದು ಗದ್ದೆಯ ಬದುವಿನಲ್ಲಿ ಸದ್ದಿಲ್ಲದೆ ನಿಂತು ನೋಡುವವರ ಸಂಯಮದಲ್ಲಿ.